ಯಾಕೋ ಸಾಹೇಬ

ಅವನ ಹೆಸರು ಯಾಕೊವ್.
ಶಹಾಬಾದಿನ ಕಲ್ಲುಖಣಿಯವರ ಕಿವಿಗೆ ಅದು
ಯಾಕೋ ಅಂತ ಬಿತ್ತು.
ಕರೆದಾಗೆಲ್ಲ ಕೇಳಿದ ಹಾಗೆ:
ಯಾಕೋ ಸಾಹೇಬ, ಯಾಕೋ.
ತಲೆಯೆತ್ತಿ 'ಹಾಂ' ಅನ್ನುತ್ತಿದ್ದ.
ಅದಕ್ಕಿಂತ ಉದ್ದದ ಉತ್ತರ ಅವನಲ್ಲಿರಲಿಲ್ಲ.

ನಮ್ಮಜ್ಜ ಸಾಯಬಣ್ಣ ಹೇಳಿದ್ದು ಇದು.
ವಾಡಿಯಲ್ಲಿ ಗಾಡಿ ಬದಲಿಸಿ ಬಂದಿಳಿದ, ನಡುಬೇಸಿಗೆ,
ಮೈಮೇಲೆ ಉಣ್ಣೆಯ ಕೋಟು,
ಕೈಯಲ್ಲೊಂದು ಪೆಟ್ಟಿಗೆ. ಕೀಲಿ ಇತ್ತು, ಕೀಲಿಕೈ ಇರಲಿಲ್ಲ.
ಫರ್ಸಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ,
ತಿಂಗಳಿಗೆ ನಲವತ್ತು, ಹಾಲಿ ಸಿಕ್ಕಾ.
ಕನ್ನಡ ಕಲಿತ, ಉರ್ದು ಕಲಿತ,
ರೊಕ್ಕ ಎಣಿಸುವಾಗ ಮಾತ್ರ
ತುಟಿ ತನ್ನ ಭಾಷೆಗೆ ಹೋಗಿ ಬರುತ್ತಿತ್ತು.

ಅವನ ದೇಶದ ದೊರೆಯನ್ನು ಇಳಿಸಿದರಂತೆ.
ಆಮೇಲೆ ಮಂದಿಯೆಲ್ಲ ಚೀಟಿ ಹಾಕಿ ಆರಿಸಿದವರಲ್ಲಿ
ಇವನೂ ಒಬ್ಬ,
ಉಳುವವನಿಗೇ ಹೊಲ ಅಂತ ಬರೆದ ಕಾಗದ
ಒಳಗಿಸೆಯಲ್ಲಿಟ್ಟುಕೊಂಡು ಹೋದವನು.
ಆ ಸಭೆ ಕೂತದ್ದು ಒಂದೇ ರಾತ್ರಿ.
ನಸುಕಿನಲ್ಲಿ ಕಾವಲಿನ ಹುಡುಗನೊಬ್ಬ ಬಂದು
ನಮಗ ದಣಿವಾಗ್ಯದ, ಏಳ್ರಿ ಇನ್ನ, ಅಂದ.
ಎದ್ದರು.

'ಎದ್ದದ್ದು ತಪ್ಪಾಯ್ತು, ಸಾಯಬಣ್ಣ.'
ಸಕ್ಕರೆಯ ಹರಳು ಹಲ್ಲಲ್ಲಿ ಕಚ್ಚಿ
ಅದರ ಮೂಲಕ ಚಹಾ ಹೀರುತ್ತ ಹೇಳುತ್ತಿದ್ದ,
'ಇನ್ನೊಂದು ತಾಸು ಕೂಡಬೇಕಿತ್ತು.'
ಕುಂತಿದ್ರ ಏನಾಗ್ತಿತ್ರಿ?
'ಕೊಲ್ಲುತ್ತಿದ್ದರು.'
ಬಸಿಯಲ್ಲುಳಿದ ಚಹಾ ಮುಗಿಸಿ ಏಳುತ್ತಿದ್ದ.

ಆಮೇಲಿನ ಊರುಗಳು ಅಜ್ಜನ ನಾಲಗೆಗೆ ಹೊರಳಲಿಲ್ಲ.
ಒಂದು ಸಮುದ್ರ. ಒಂದು ಉಸುಕಿನ ದಾರಿ.
ದಾರಿಯಲ್ಲೆಲ್ಲೋ ಹೆಂಡತಿಯನ್ನು ಮಣ್ಣು ಮಾಡಿದ್ದು.
ಮುಂಬಯಿಯ ಹಡಗುಕಟ್ಟೆಯಲ್ಲಿ ಪೊಲೀಸರು
ನೀನು ಕೆಂಪಿನವನೋ ಅಂತ ಕೇಳಿದ್ದು,
ಅಲ್ಲ, ಕೆಂಪಿನವರೇ ನನ್ನನ್ನು ಓಡಿಸಿದ್ದು ಅಂದದ್ದು,
ಅವರು ನಂಬದೇ ಇದ್ದದ್ದು.

ಖಣಿಯವರು ತಮ್ಮ ಮುಖಂಡನನ್ನು ಆರಿಸುವ ವರ್ಷ ಬಂತು.
ಕೈಯೆತ್ತಿಸಿ ಮುಗಿಸೋಣ ಅಂದವರನ್ನು ತಡೆದ.
ಎರಡು ಧಾನ್ಯ ತರಿಸಿದ:
ದ್ಯಾವಪ್ಪನಿಗೆ ಜೋಳದ ಕಾಳು, ಮಹಬೂಬಸಾಬನಿಗೆ ತೊಗರಿ.
ಕಂಬಳಿಯ ಮರೆಯಲ್ಲೊಂದು ಗಡಿಗೆ.
ಒಬ್ಬೊಬ್ಬರೇ ಹೋದರು, ಹೆಂಗಸರೂ ಹೋದರು,
ಮುಷ್ಟಿ ಬಿಗಿಹಿಡಿದು, ನಗುತ್ತ, ಏನೋ ಕದ್ದವರ ಹಾಗೆ.
ಮಂದಿ ಇನ್ನೂರ ಹನ್ನೆರಡು.
ಕಾಳು ಇನ್ನೂರ ಹನ್ನೊಂದು.
ಮೂರು ಸಲ ಎಣಿಸಿದ.
ಹೋಗ್ಲಿ ಬಿಡ್ರಿ, ಮಹಬೂಬಸಾಬ ಗೆದ್ದಾನಲ್ಲ ಅಂದರು.
ಕಂದೀಲು ಹಿಡಿದು ನೆಲದ ಮೇಲೆ ಮೊಳಕಾಲೂರಿದ.
ನಡುರಾತ್ರಿ, ಗಡಿಗೆಯ ಸೀಳಿನಲ್ಲಿ
ಒಂದು ಜೋಳದ ಕಾಳು.
ಸೋತವನದು.
ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತ,
ಅಜ್ಜನಿಗೆ ನಾಚಿಕೆಯಾಗುವಷ್ಟು ಅತ್ತ.

ನಮ್ಮ ದೊರೆಯೂ ಇಳಿಯುವ ಕಾಲ ಬಂದಾಗ,
ಊರ ಮೇಲೆ ವಿಮಾನ ಹಾರಿದ ದಿನ,
ಪೆಟ್ಟಿಗೆಯನ್ನು ಅಂಗಳಕ್ಕೆ ತಂದ.
ಮತ್ತ ಎಲ್ಲಿಗ್ರಿ, ಸಾಹೇಬ್ರ?
ಅದರ ಮೇಲೆ ಕೂತ.
ಈ ಸಲ ಏಳೂದಿಲ್ಲ, ಅಂದ, ನಮ್ಮ ಮಾತಿನಲ್ಲೇ.
ಸಂಜೆ ಎಬ್ಬಿಸಲು ಹೋದವರಿಗೆ ಮೈ ತಣ್ಣಗಿತ್ತು.

ಕೀಲಿ ಒಡೆದರು. ಇನ್ನೊಂದು ಉಣ್ಣೆಯ ಕೋಟು,
ಹೆಣ್ಣಿನದು.

ಗೋರಿಯ ಕಲ್ಲು ಕೆತ್ತಿದ್ದು ಅಜ್ಜ.
ಅವನ ಕೈಬರಹದ ಹೆಸರು ನೋಡಿ ನೋಡಿ ಕೆತ್ತಿದ.
ಮೊದಲಕ್ಷರಕ್ಕೇ ಉಳಿ ನಿಂತಿತು.
ಅಜ್ಜನಿಗೆ ಬರುತ್ತಿದ್ದುದು ಮೂರೇ ಅಕ್ಷರ,
ನಿಜಾಮರ ರೈಲಿನ ಡಬ್ಬಿಗಳ ಮೇಲಿನ ಎನ್, ಎಸ್, ಆರ್.
ಇದು ಆರ್, ತಿರುವುಮುರುವಾಗಿ ನಿಂತದ;
ಪಾಪ, ಬರೆಯುವಾಗ ಕೈ ತಪ್ಪಿರಬೇಕು.
ತಿದ್ದಿ ಕೆತ್ತಿದ.

ಮೊನ್ನೆ ರಷ್ಯಾದಲ್ಲಿ ಡಾಕ್ಟರಿಕೆ ಓದಿ ಬಂದ ನಮ್ಮೋಣಿಯ ಶಬಾನಾ
ಕಲ್ಲಿನ ಹುಲ್ಲು ಸರಿಸಿ ನೋಡಿ ನಕ್ಕಳು.
ಆ ಅಕ್ಷರ ತಪ್ಪಾಗಿಲ್ಲಕ್ಕಾ, ಅಲ್ಲಿ ಅದು ಹಾಂಗೇ.
ಒಂದೇ ನಿಂತ್ರ ಅದಕ್ಕ 'ನಾನು' ಅಂತ ಅರ್ಥ.

ನಾನು ನಗಲಿಲ್ಲ.
ಕಲ್ಲಿನ ಮೇಲೆ ಕೈಯಾಡಿಸಿದೆ.
ಅಜ್ಜನ ಉಳಿ ಅಲ್ಲಿ ಉಳಿದೆಡೆಗಿಂತ ಆಳ ಇಳಿದಿತ್ತು.
ಹಿಂದಕ್ಕೆ ಮುಖ ಮಾಡಿ ನಿಂತವನನ್ನು
ಹೆಗಲು ಹಿಡಿದು
ಕಾಗಿಣಾ ಹೊಳೆಯ ಕಡೆ ತಿರುಗಿಸಿದ್ದ.