ಕೆಂಪು ಚಿಂದಿ

ವುಚ್ ನಗರದ ಹಳೆ ನೂಲಿನ ಗಿರಣಿ.
ಮಗ್ಗವಿದ್ದ ಜಾಗದಲ್ಲಿ ಈಗ ನಮ್ಮ ಮೇಜು;
ನೆಲದಲ್ಲಿ ಇನ್ನೂ ಎಣ್ಣೆಯ ಕಲೆ, ಬೋಲ್ಟಿನ ತೂತು.
ಇಲ್ಲಿ ಕೂತು ನಾನೊಂದು ಕಾಡು ನೇಯ್ದೆ.

ಎರಡು ಚಳಿಗಾಲ ಹಿಡಿಯಿತು.
ಹನ್ನೊಂದು ದಾರಿ, ಹತ್ತು ಸುಳ್ಳು.
ಹೆಜ್ಜೆ ಮೂಡಿದ ಬೆನ್ನಿಗೇ ಹಿಮ ಅದನ್ನು ಒರೆಸುತ್ತದೆ.
ಹಾಲ್ಕಾ ಎಂಬ ತಾಯಿ ಅಲ್ಲಿ ಮಗನನ್ನು ಹುಡುಕುತ್ತಾಳೆ;
ಆಡುವವರು ಅವಳ ಕಾಲು.
ಮಾತಿಲ್ಲ, ಬಾಣದ ಗುರುತಿಲ್ಲ, ಮೂಲೆಯಲ್ಲಿ ನಕ್ಷೆಯಿಲ್ಲ.
ಕಥೆ ಬರೆಯುವ ಯೆರೆಮಿ ಈ ಅಧ್ಯಾಯಕ್ಕೆ
ಒಂದೇ ಸಾಲು ಕೊಟ್ಟಿದ್ದ: "ಅವಳಿಗೆ ದಾರಿ ತಪ್ಪುತ್ತದೆ."
ಉಳಿದದ್ದು ನಿನ್ನ ಕೆಲಸ, ಒತಿಲ್ಯಾ, ಅಂದ.

ಆಮೇಲೆ ಅಂಕಿಗಳು ಬಂದವು.
ನೂರಕ್ಕೆ ನಲವತ್ತಮೂರು ಮಂದಿ ಮೂರನೆಯ ಇಳಿಜಾರಿನಲ್ಲಿ
ಆಟ ಬಿಟ್ಟು ಎದ್ದುಹೋಗಿದ್ದರು. ಪರದೆಯ ಮೇಲೆ ಆ ಜಾಗ
ಕಣಜ ಕಚ್ಚಿದ ಹಾಗೆ ಕೆಂಪಗೆ ಬಾತಿತ್ತು.
ಸಭೆಯಲ್ಲಿ ಯಾರೂ ದನಿ ಏರಿಸಲಿಲ್ಲ. ಬಿಸ್ಕತ್ತು ಇತ್ತು.
"ದಾರಿ ತಪ್ಪಲಿ, ತಪ್ಪಿತು ಅಂತ ಅನ್ನಿಸದಿದ್ದರೆ ಸಾಕು."
ನಾನು ಬರೆದುಕೊಂಡೆ.

ಒಂದು ವಾರ ಕೊಂಬೆಕೊಂಬೆಗೆ ಕೆಂಪು ಚಿಂದಿ ಕಟ್ಟಿದೆ.
ಯಾರು ಕಟ್ಟಿದ್ದು ಅದನ್ನು? ಕಥೆಯಲ್ಲಿ ಉತ್ತರವಿಲ್ಲ.
ಹಾಲ್ಕಾ ಈಗ ಅಳುತ್ತಲೇ ಸರಾಗ ಓಡುತ್ತಾಳೆ
ಚಿಂದಿಯಿಂದ ಚಿಂದಿಗೆ, ಟ್ರಾಮು ನಿಲ್ದಾಣ ದಾಟಿದಂತೆ.
ಆರೇ ನಿಮಿಷಕ್ಕೆ ಮಗನ ಕೈಗವಸು ಸಿಗುತ್ತದೆ,
ಅಳುವ ಹೊತ್ತಾಯಿತೆಂದು ಪಿಟೀಲು ಹೇಳುತ್ತದೆ.

ತಂಗಿ ಲುದ್ಕಾಳ ಮಾತೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾದೀತು.
ಅವಳ ಬೆರಳು ನಡುಗುತ್ತವೆ; ಚಹದ ಲೋಟಕ್ಕೆ ಎರಡೂ ಕೈ ಬೇಕು.
ನಾನು ಮೊದಲು ಮಾಡಿದ ಆಟದ ಸೇತುವೆ
ಅವಳನ್ನು ಮುನ್ನೂರು ಸಲ ನದಿಗೆ ಕೆಡವಿತ್ತು.
ಆಚೆ ದಡದಲ್ಲಿ ಏನಿದೆ, ನೀನೇ ಹೇಳಿಬಿಡು, ಅಂದಿದ್ದಳು.
ಹೇಳಿದೆ. ಹೇಳಿದ್ದು ದಡವಾಗಲಿಲ್ಲ.
ಕಷ್ಟವನ್ನೇ ದೇವರೆಂದು ಕೂರಿಸಿದವರ ಸಾಲಿನಲ್ಲಿ
ಹಾಗಾಗಿ ನಾನು ಕೈಮುಗಿಯಲಾರೆ.

ಕೊನೆಯ ಪರೀಕ್ಷೆಯ ದಿನ ಗೆರ್ವಾಜಿ ಬಂದರು.
ವಯಸ್ಸು ಅರವತ್ತೊಂಬತ್ತು; ಮೊಮ್ಮಗಳು ಹೆಸರು ಬರೆಸಿದ್ದು.
ನಲವತ್ತು ವರ್ಷ ಬೇಕರಿಯ ಒಲೆ ಮುಂದೆ ನಿಂತ ಮುಖ.
ಒಂದು ಗಂಟೆ. ಒಂದೂವರೆ. ಬೀದಿದೀಪ ಹತ್ತಿತು.
ಗಾಜಿನಾಚೆ ಹುಡುಗರು ನಕ್ಕರು: ಮೂಗಿನ ಮುಂದೆ ಚಿಂದಿ,
ಮುದುಕ ಅದನ್ನೇ ದಾಟಿ ದಾಟಿ ಹೋಗುತ್ತಾನೆ!
ಅವರು ಮರ ಎಣಿಸಿದರು. ನಿಂತು ಗಾಳಿ ಕೇಳಿದರು.
ತಮ್ಮದೇ ಜಾಡಿಗೆ ಮರಳಿ, ಜಾಡು ಕಾಣದೆ,
ಒಮ್ಮೆ ಕಂಟ್ರೋಲರ್ ಕೆಳಗಿಟ್ಟು
ಚಳಿ ಹಿಡಿದವರಂತೆ ಅಂಗೈ ಉಜ್ಜಿಕೊಂಡರು.

ಕೈಗವಸು ಸಿಕ್ಕಿತು. ಪಿಟೀಲು ಶುರುವಾಯಿತು.
"ಅದನ್ನು ನಿಲ್ಲಿಸಿ" ಅಂದರು.

ಕೆಂಪು ಕಾಣಲಿಲ್ಲವೇ ಅಂತ ಕೇಳಿದೆ.
"ಯಾವ ಕೆಂಪು? ನನಗೆ ಅದೂ ಪಾಚಿಯೂ ಒಂದೇ.
ರೊಟ್ಟಿ ಬೆಂದದ್ದನ್ನೂ ವಾಸನೆಯಿಂದಲೇ ತಿಳಿಯುತ್ತಿದ್ದೆ."
ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ:
"ಆ ಹೆಣ್ಣುಮಗಳು ಹೊರಡುವ ಮುಂಚೆ
ಏನಾದರೂ ತಿಂದಿದ್ದಳೇ?"

ಎರಡು ಚಳಿಗಾಲದಲ್ಲಿ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ವರದಿಯಲ್ಲಿ ಬರೆಯಲೇಬೇಕಿತ್ತು: ಕೆಂಪು ಕಾಣದವರಿಗೆ
ಚಿಂದಿ ಕಾಣದು. ನ್ಯಾಯವಾದ ದೂರು. ಸೋಮವಾರದಿಂದ
ಚಿಂದಿಗೊಂದು ಕಿರುಗಂಟೆ ಕಟ್ಟಬೇಕು.
ಕಟ್ಟುತ್ತೇನೆ. ಲುದ್ಕಾ ಆಡಲಿ, ಆಚೆ ದಡ ಸೇರಲಿ.
ಆದರೆ ಆಯ್ಕೆಗಳ ಪಟ್ಟಿಯ ತಳದಲ್ಲಿ, ಅಕ್ಷರದ ಗಾತ್ರದ ಕೆಳಗೆ,
ಯಾರನ್ನೂ ಕೇಳದೆ ಒಂದು ಚೌಕ ಸೇರಿಸಿದ್ದೇನೆ:
ಚಿಂದಿ ಬೇಡ.

ಮತ್ತೆ, ಮೊದಲ ದೃಶ್ಯದಲ್ಲಿ, ಬಾಗಿಲ ಪಕ್ಕದ ಮೇಜಿನ ಮೇಲೆ,
ಯಾರೂ ಎತ್ತಿಕೊಳ್ಳಲಾಗದ, ಯಾವ ಹೊಳಪೂ ಸುತ್ತಿರದ
ಮುರಿದಿಟ್ಟ ಅರ್ಧ ರೊಟ್ಟಿ.