ಕಣ್ಣಳತೆ

ಸೆಜಾನಾದ ಹಳೇ ಅಂಚೆ ಕಚೇರಿಯ ಮೇಲಂತಸ್ತು,
ಗುಹೆ ಅಳೆಯುವವರ ಸಂಘದ ಕೋಣೆ.
ಒದ್ದೆ ಹಗ್ಗಗಳ ವಾಸನೆ, ಒಂದು ಕಂಪ್ಯೂಟರು, ನಾನು.
ಕಿಟಕಿಯಾಚೆ ಬೋರಾ ಗಾಳಿ
ಹೆಂಚು ಹಾರದಿರಲೆಂದು ಹೇರಿಟ್ಟ ಕಲ್ಲುಗಳನ್ನು
ಒಂದೊಂದಾಗಿ ಎಣಿಸುತ್ತಿದೆ.

ಪರದೆಯ ಮೇಲೆ ವಿತೊಮಿರ್ ಬರೆದ ಗುಹೆ.
ಊರವರು ಇಟ್ಟ ಹೆಸರು ಅಜ್ಜಿಯ ಗಂಟಲು:
ನೂರಾ ಹನ್ನೆರಡು ಮೀಟರ್ ನೆಟ್ಟಗೆ ಕೆಳಕ್ಕೆ,
ಆಮೇಲೊಂದು ಓರೆ, ಆಮೇಲೆ ನೀರಿನ ಸದ್ದು.
ಅವರ ಪೆನ್ಸಿಲ್ ಗೆರೆಗಳನ್ನು ಚಳಿಗಾಲವಿಡೀ ಎಳೆದೆಳೆದು
ವೆಕ್ಟರ್ ಮಾಡಿದ್ದೇನೆ.
ಇಲ್ಲಿ ಗೆರೆಗೆ ಮೈಯಿಲ್ಲ, ಬರೀ ಮಾತು:
ಈ ಬಿಂದುವಿನಿಂದ ಹೊರಡು, ಹೀಗೆ ಬಾಗು, ಅಲ್ಲಿ ನಿಲ್ಲು.
ಎಷ್ಟು ಹಿಗ್ಗಿಸಿದರೂ ಹರಿಯದು.

ಕಾಗದಕ್ಕೆ ಆಳ ಗೊತ್ತಿಲ್ಲ.
ಅದಕ್ಕೇ ಗೆರೆಗೊಂದರಂತೆ ಅಂಕಿ ಬರೆದಿಟ್ಟಿದ್ದಾರೆ.
ನಾನು ಮಾಡುವುದಿಷ್ಟೇ,
ಗುಹೆಯನ್ನು ಎರಡು ಸಲ ಬರೆಸುತ್ತೇನೆ,
ಎಡಗಣ್ಣಿಗೊಂದು, ಬಲಗಣ್ಣಿಗೊಂದು.
ಹತ್ತಿರದ ಗೆರೆ ಹೆಚ್ಚು ಜರುಗಬೇಕು, ದೂರದ್ದು ಕಡಿಮೆ,
ರೈಲಿನ ಕಿಟಕಿಯಲ್ಲಿ ಕಂಬ ಓಡಿ ಗುಡ್ಡ ನಿಂತ ಹಾಗೆ.
ಮನುಷ್ಯನ ಕಣ್ಣುಗಳ ನಡುವಿನ ಆರೂವರೆ ಸೆಂಟಿಮೀಟರು
ಈ ಗುಂಡಿಗೆ ಎಲ್ಲಿ ಸಾಕು?
ಮೂರು ಮೀಟರ್ ಇಟ್ಟೆ,
ಯಾವುದೋ ರಕ್ಕಸನ ಮುಖ ಎರವಲು ತಂದು.

ಆಮೇಲೆ ಚೌಕಗಳಿಗೆ ಬೀಳಿಸುವ ಕೆಲಸ.
ಅರ್ಧ ಪಿಕ್ಸೆಲ್ ಜರುಗಿದ ಗೆರೆಯನ್ನು
ತಂತ್ರಾಂಶ ಪಕ್ಕದ ಚೌಕಕ್ಕೆ ದೂಡಿಬಿಡುತ್ತದೆ,
ಚಿಲ್ಲರೆ ಇಲ್ಲವೆಂದು ಇಡೀ ಯೂರೋಗೆ ಮುಗಿಸುವ ಅಂಗಡಿಯವನಂತೆ.
ಮೊದಲ ಸಲ ಗುಹೆ
ಏಳು ರಟ್ಟುಗಳನ್ನು ಒಂದರ ಹಿಂದೊಂದು ನಿಲ್ಲಿಸಿದ
ಶಾಲಾ ನಾಟಕದ ಕಾಡು.
ನಾಲ್ಕು ಪಟ್ಟು ದೊಡ್ಡದಾಗಿ ಬರೆಸಿ, ಮತ್ತೆ ಕುಗ್ಗಿಸಿ,
ಅಂಚಿಗೆ ಬೂದುಬಣ್ಣ ಸವರಿ
ಆ ಅರ್ಧಗಳನ್ನು ಉಳಿಸಿಕೊಂಡೆ.

ಎರಡನೇ ಸಲ ಎಡಬಲ ಅದಲುಬದಲು.
ಅಜ್ಜಿಯ ಗಂಟಲು ಗೋಪುರವಾಗಿ ಎದ್ದು
ನನ್ನ ಮೂಗಿನತ್ತ ಬರುತ್ತಿದೆ!
ಒಬ್ಬಳೇ ನಕ್ಕೆ.

ಮೂರನೆಯದು ಇಳಿಯಿತು.

ಗುರುವಾರ ವಿತೊಮಿರ್ ಬಂದರು.
ಜೋಡಿ ಚಿತ್ರ, ಮಸೂರದ ಪೆಟ್ಟಿಗೆ, ಕೈಗಿಟ್ಟೆ.
ಎತ್ತಿದರು. ತುಂಬ ಹೊತ್ತು ಹಿಡಿದರು. ಇಳಿಸಿದರು.
"ಚೆನ್ನಾಗಿದೆ, ಯೆರ್ನೆಯಾ" ಅಂದರು,
ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರು ಹೊಗಳುವ ದನಿಯಲ್ಲಿ.
ಆಗ ನೆನಪಾಯಿತು. ನಾಚಿಕೆಯಿಂದ ಕಿವಿ ಸುಟ್ಟಿತು.
ಎಡಗಣ್ಣು ಗಾಜಿನದು.
ಎಪ್ಪತ್ತೊಂಬತ್ತರಲ್ಲಿ ಕಾರ್ಬೈಡ್ ದೀಪ ಸಿಡಿದದ್ದು
ಇದೇ ಗಂಟಲಿನಲ್ಲಿ, ಹದಿನಾಲ್ಕನೇ ಮೊಳೆಯ ಬಳಿ.
ಅಲ್ಲಿಂದ ಕೆಳಗಿನದೆಲ್ಲ
ಒಂದೇ ಕಣ್ಣು ಅಳೆದದ್ದು.

"ಹಾಗಾದರೆ ಆಳ ಹೇಗೆ ತಿಳಿಯುತ್ತಿತ್ತು?"
ಕೇಳಬಾರದಿತ್ತು, ಕೇಳಿದೆ.
ಅವರು ಕೂತಲ್ಲೇ ತಲೆಯನ್ನು
ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿದರು,
ಇಲಿಯ ದೂರ ಲೆಕ್ಕ ಹಾಕುವ ಗೂಬೆಯಂತೆ.
"ಇಲ್ಲಿಂದೊಂದು ನೋಟ, ಅಲ್ಲಿಂದೊಂದು.
ನನ್ನ ಇನ್ನೊಂದು ಕಣ್ಣು
ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ."

ಮತ್ತೆ ಕುಳಿತೆ.
ಎಡದ ಚಿತ್ರ, ಬಲದ ಚಿತ್ರ, ಅಕ್ಕಪಕ್ಕ ಅಲ್ಲ,
ಒಂದರ ಜಾಗದಲ್ಲೇ ಇನ್ನೊಂದು,
ಸೆಕೆಂಡಿಗೆ ಐದು ಸಲ.
ಗುಹೆ ಚಳಿಜ್ವರ ಹಿಡಿದಂತೆ ನಡುಗಿತು,
ನಡುಗುತ್ತಲೇ
ಬಾಯಿ ತೆರೆಯಿತು.

ವಿತೊಮಿರ್ ಕನ್ನಡಕ ತೆಗೆದಿಟ್ಟು ಬಾಗಿದರು.
ಪರದೆಗೆ ತಾಕದೆ ಬೆರಳು ಇಳಿಯಿತು,
ಹನ್ನೆರಡು, ಹದಿಮೂರು.
ಹದಿನಾಲ್ಕರಲ್ಲಿ ನಿಂತಿತು.
ನಾನು ಹಗ್ಗಗಳ ಕಡೆ ನೋಡಿದೆ.
"ಕಿವಿಯಂಥ ಈ ಬಂಡೆ," ಅಂದರು ಕೊನೆಗೆ,
"ಇನ್ನೊಂದು ಗೇಣು ಒಳಗಿರಬೇಕು.
ಅವತ್ತು ಟೇಪು ಹಿಡಿಯಲಾಗಲಿಲ್ಲ,
ಕಣ್ಣಳತೆಯಲ್ಲಿ ಬರೆದುಬಿಟ್ಟೆ.
ತಿದ್ದು."

ಮೂಲ ಕಡತ ತೆರೆದೆ,
ಗೆರೆಗೆ ಇನ್ನೂ ಮೈ ಬಂದಿರದ ಆ ಜಾಗಕ್ಕೆ ಹೋಗಿ
ಒಂದು ಬಿಂದುವನ್ನು ಹಿಡಿದೆ.
"ಇಷ್ಟು?"
"ಇನ್ನೂ ಸ್ವಲ್ಪ."