ಬಣ್ಣದ ಕಾಲಂ

ಶಿವಮೊಗ್ಗದ ನಗರಸಭೆಯಲ್ಲಿ ನನ್ನ ಪಾಲಿಗೆ ಬಂದದ್ದು
ಸೈಕಲ್ಲು, ಕೈಗಾಡಿ, ಜಟಕಾಗಳ ರಿಜಿಸ್ಟರು.
ಕೆಂಪು ರಟ್ಟು, ಅಂಚಿಗೆ ಗೆದ್ದಲು,
ಕುದುರೆಗೊಂದು ಸಾಲು, ಸಾಲಿಗೆ ಏಳು ಕಾಲಂ.
ಐದನೆಯದು ಬಣ್ಣ.

ಲಷ್ಕರ್ ಮೊಹಲ್ಲಾದ ಬುಡೇನ್ ಸಾಬರು ಆ ಮಾರ್ಚಿಯಲ್ಲಿ
ಲೈಸೆನ್ಸು ನವೀಕರಿಸಲು ಬಂದರು.
ಪುಸ್ತಕದಲ್ಲಿತ್ತು: ಹೆಣ್ಣು, ಹೆಸರು ಸುರ್ಮಾ, ಬಣ್ಣ ಕಪ್ಪು,
ಎಡ ಹಿಂಗಾಲು, ಗೊರಸಿನ ಮೇಲೆ ಗೇಣುದ್ದ ಬಿಳಿ.
ಕಿಟಕಿಯಾಚೆ ಬೇವಿನಡಿ ನಿಂತದ್ದು
ಸುಣ್ಣ ಬಳಿದ ಗೋಡೆಯಂಥ ಕುದುರೆ.

"ಸಾಬರೇ, ಇದು ಬೇರೆ."
"ಅದೇ, ಸ್ವಾಮಿ."
"ಕಪ್ಪು ಅಂತಿದೆ."
"ಆಗ ಕಪ್ಪು."
ಪೆನ್ನಿಗೆ ಟೋಪಿ ಹಾಕಿದೆ.
ಹುಟ್ಟುಗುಣ ಸುಟ್ಟರೂ ಹೋಗದು, ಎಂದೆ.
ಅವರು ನಕ್ಕರು: "ಬೆಳ್ಳಗಾಗೋದೇ ಇವಳ ಹುಟ್ಟುಗುಣ."

ಕರಿ ಎಳ್ಳಿನ ಹಾಗೆ ಇಳಿದಳಂತೆ.
ವರ್ಷ ತುಂಬುವ ಮೊದಲೇ ಕಣ್ಣ ಸುತ್ತ ನಾಲ್ಕಾರು ಬೆಳ್ಳಿಗೂದಲು,
ಹೊಗೆಯಾಚೆ ನಿಂತ ಹಾಗೆ ಮುಖ.
ಮೂರಕ್ಕೆ ಮೈಯೆಲ್ಲ ಕುಲುಮೆಯ ಬೂದಿ.
ಐದಕ್ಕೆ ತೊಡೆಯ ಮೇಲೆ ಕಾಸಗಲದ ಚುಕ್ಕೆಗಳು,
ಧೂಳಿಗೆ ಮೊದಲ ಹನಿ ಬಿದ್ದಂತೆ.
ಬಾಲ ಮಾತ್ರ ಕಡೆಗೆ ಒಪ್ಪಿತು.
"ಮೊದಲೇ ತಿಳಿಸಬೇಕಿತ್ತು."
"ನಿಮ್ಮ ತಲೆಯನ್ನ ನೀವು
ಯಾವ ಆಫೀಸಿಗೆ ತಿಳಿಸಿದಿರಿ, ಸ್ವಾಮಿ?"

ದನದಾಸ್ಪತ್ರೆಯ ಡಾಕ್ಟರ್ ಸುಗುಣಮ್ಮನಿಗೆ ಕೇಳಿದರೆ
ಚೀಟಿ ಕೊಡಲಿಲ್ಲ, ಗದರಿದರು.
"ಕಪ್ಪು, ಕಂದು, ಕೆಂಪು, ಅವು ಬಣ್ಣ ಕಣ್ರೀ.
ಇದು ಬಣ್ಣದ ಮೇಲೆ ಬರೆದ ವಾಯಿದೆ.
ಅಪ್ಪ ಅಮ್ಮರಲ್ಲಿ ಒಬ್ಬರು ಕೊಟ್ಟರೆ ಸಾಕು,
ಮರಿ ಯಾವ ಬಣ್ಣದಲ್ಲಿ ಇಳಿದರೂ ಒಂದು ದಿನ ತೀರಿಸಬೇಕು.
ಇಬ್ಬರಲ್ಲೂ ಇಲ್ಲವೋ, ಸಾಲವೇ ಇಲ್ಲ.
ಕೆಂಪಿಗೆ ಕೆಂಪು ಕೂಡಿಸಿ ನೂರು ಮರಿ ಹಾಕಿಸಿ,
ನೂರೂ ಕೆಂಪೇ.
ಇವಳ ತಾಯಿ ಯಾರು, ಕೇಳಿದಿರಾ?"

ಕೇಳಿರಲಿಲ್ಲ.
ತಾಯಿಗೆ ಕಾಲಂ ಇರಲಿಲ್ಲ.
ರಾತ್ರಿ ಕೂತು ಹಳೆಯ ಹಾಳೆ ತಿರುವಿದೆ.
ಹದಿನಾರು ವರ್ಷ ಹಿಂದೆ, ಅದೇ ಓಣಿ, ಸಾಬರ ಅಪ್ಪನ ಹೆಸರು,
ಯಾವುದೋ ಗುಮಾಸ್ತನ ದುಂಡು ಅಕ್ಷರ:
ಹೆಣ್ಣು, ಬಿಳಿ.
ಅದರ ಹಿಂದಿನ ಸಂಪುಟದಲ್ಲಿ ಅದೇ ಹೆಣ್ಣು:
ಕಂದು.
ಯಾರೂ ಜಗಳ ಮಾಡಿರಲಿಲ್ಲ.

ಬೆಳಗ್ಗೆ ತುಂಗೆ. ಕೋರ್ಪಲಯ್ಯನ ಛತ್ರದ ಕೆಳಗೆ
ಸಾಬರು ತಂಬಿಗೆಯಲ್ಲಿ ಮೊಗೆದು ಬೆನ್ನಿಗೆ ಹುಯ್ದರು.
ಕೂದಲು ಮೈಗಂಟಿದ್ದೇ ತಡ
ಒಳಗಿಂದ ಎದ್ದು ಬಂತು ಸ್ಲೇಟಿನ ಕಪ್ಪು,
ಹೆಗಲು, ಪಕ್ಕೆ, ಕಿವಿಯ ಬುಡ.
ಎಡ ಹಿಂಗಾಲಿಗೆ ಹುಯ್ದರು:
ಗೊರಸಿನ ಮೇಲೆ ಒಂದಿಷ್ಟು ಜಾಗ ಮಾತ್ರ
ಕೂಸಿನ ಅಂಗಾಲಿನ ಗುಲಾಬಿ.
ಪ್ಯಾಂಟು ಮಡಚಿ ಇಳಿದೆ, ಗೇಣು ಹಾಕಿದೆ.
ಸರಿಯಿತ್ತು.
ತಲೆ ಎತ್ತಿದರೆ ಆ ಬಿಳಿ ಮುಖದಲ್ಲಿ
ರೆಪ್ಪೆಯ ಅಂಚಿಗೆ ತೀಡಿದ ಹಾಗೆ ಕಪ್ಪು.
ಹೆಸರು ಸುಳ್ಳಾಗಿರಲಿಲ್ಲ.

ಬಣ್ಣ ತಿದ್ದಲಿಲ್ಲ. ಷರಾ ಬರೆದೆ:
ಈಗ ಬಿಳಿ. ಒದ್ದೆಯಾದರೆ ಕಪ್ಪು.
ಮ್ಯಾನೇಜರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ
ಒಂದು ಪ್ರಶ್ನಾರ್ಥಕ ಹಾಕಿ ಕಳಿಸಿದರು.
ಅದು ಈಗಲೂ ಇದೆ.

ಮುಂದಿನ ವರ್ಷ ಸುರ್ಮಾ ಮರಿ ಹಾಕಿದಳು,
ಭದ್ರಾವತಿಯ ಕೆಂಪು ಗಂಡಿಗೆ.
ಮರಿ ಬೆಲ್ಲದ ಬಣ್ಣ.
ಅರ್ಧಕ್ಕರ್ಧ, ಎಂದರು ಸುಗುಣಮ್ಮ,
ನಾಣ್ಯ ಚಿಮ್ಮಿದ ಹಾಗೆ ಬೆರಳು ಆಡಿಸಿ.

ಲಾಯದ ಅರೆಬೆಳಕಿನಲ್ಲಿ ಬಗ್ಗಿ
ಅದರ ಕಣ್ಣ ಸುತ್ತ ಹುಡುಕಿದೆ.
ಒಂದು ಬಿಳಿ ಎಳೆ ಇತ್ತು.
ಅದರದೋ, ತಾಯಿ ನೆಕ್ಕಿದಾಗ ಅಂಟಿದ್ದೋ.
ಸಾಬರು ಬಾಗಿಲಲ್ಲಿ ನಿಂತು
ನನ್ನ ನೆತ್ತಿ ನೋಡುತ್ತಿದ್ದರು.

ಐದನೆಯ ಕಾಲಮ್ಮಿನಲ್ಲಿ
ಪೆನ್ಸಿಲಿನಲ್ಲಿ ಬರೆದೆ.